ಪಾಟಿ ತರಬೇತಿ: ಸುಸುಗಿಂತ ಮೊದಲು ಕಕ್ಕದ ಲೆಕ್ಕ

ಪಾಟಿ, ಅಂದರೆ ಪುಟ್ಟ ಮಕ್ಕಳು ಸುಸು, ಕಕ್ಕಕ್ಕೆ ಕೂರುವ ಸಣ್ಣ ಪೀಠ. ಅದರ ತರಬೇತಿ ಕೈಕೊಡುವುದು ಹೆಚ್ಚಾಗಿ ಸುಸು ವಿಷಯದಲ್ಲಲ್ಲ, ಕಕ್ಕದ ವಿಷಯದಲ್ಲಿ. ಚಡ್ಡಿ ಒದ್ದೆಯಾದರೆ ಬದಲಿಸಿ ಮುಂದೆ ಹೋಗಬಹುದು. ಆದರೆ ಮಗು ಕಕ್ಕವನ್ನು ಬಿಗಿಹಿಡಿಯಲು ಕಲಿತುಬಿಟ್ಟರೆ ಅದನ್ನು ಬಿಡಿಸಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ಪುಟಾಣಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ನಾನು ಪಾಟಿ ಹೊರಗೆ ತೆಗೆಯುವ ಮೊದಲು ಒಂದೆರಡು ವಾರ ಡೈಪರಿನಲ್ಲಿ ಬೀಳುವ ಮಲ ಹೇಗಿದೆ ಎಂದು ಗಮನಿಸುತ್ತೇನೆ.

ಅಳೆಯಲು ವೈದ್ಯರು ಬಳಸುವ ಬ್ರಿಸ್ಟಲ್ ಚಾರ್ಟ್ ಇದೆ. ಅದರಲ್ಲಿ 7 ವಿಧ: ಬಿಡಿಬಿಡಿಯಾದ ಗಟ್ಟಿ ಉಂಡೆಗಳು 1, ಪೂರ್ತಿ ನೀರಾಗಿದ್ದರೆ 7. ನಮಗೆ ಬೇಕಾದದ್ದು 4, ಅಂದರೆ ನಯವಾಗಿ, ಮೆತ್ತಗೆ, ಉದ್ದಕ್ಕೆ ಬರುವಂಥದ್ದು. 1 ಅಥವಾ 2 ಕಾಣುತ್ತಿದ್ದರೆ ತರಬೇತಿ ಮುಂದಕ್ಕೆ ಹಾಕಿ. ಮೊದಲು ಹಾಲಿನ ಲೆಕ್ಕ ನೋಡಿ: ಎರಡು ವರ್ಷದ ಮಗುವಿಗೆ ದಿನಕ್ಕೆ ಸುಮಾರು 500 ಮಿ.ಲೀ. ಸಾಕು. ಅದಕ್ಕಿಂತ ಹೆಚ್ಚಾದರೆ ಹೊಟ್ಟೆ ಹಾಲಿನಲ್ಲೇ ತುಂಬಿ ಊಟ ಕಡಿಮೆಯಾಗುತ್ತದೆ, ಮಲ ಗಟ್ಟಿಯಾಗುತ್ತದೆ. ಊಟದಲ್ಲಿನ ನಾರಿನಂಶಕ್ಕೆ ಸುಲಭದ ಲೆಕ್ಕ, ದಿನಕ್ಕೆ ವಯಸ್ಸಿಗೆ 5 ಕೂಡಿಸಿದಷ್ಟು ಗ್ರಾಂ. ಇಷ್ಟಾದರೂ ಮೆತ್ತಗಾಗದಿದ್ದರೆ ವೈದ್ಯರು ಕೊಡುವ ಮಲ ಸಡಿಲಿಸುವ ಔಷಧಿಗೆ ಹೆದರಬೇಕಿಲ್ಲ. ಅದನ್ನು ಅರ್ಧಕ್ಕೆ ನಿಲ್ಲಿಸುವುದೇ ಹೆಚ್ಚು ತೊಂದರೆ ಕೊಡುತ್ತದೆ.

ಇನ್ನು ಮಗು ಸಿದ್ಧವಿದೆಯೇ? ವಯಸ್ಸು ಅಂದಾಜಿಗೆ ಮಾತ್ರ: ಒಂದೂವರೆ ವರ್ಷದಿಂದ ಮೂರರವರೆಗೆ ಯಾವಾಗಲಾದರೂ ಆಗಬಹುದು. ಎರಡು ಗಂಟೆ ಡೈಪರ್ ಒಣಗಿರುವುದು, ಚಡ್ಡಿ ತಾನೇ ಕೆಳಗೆಳೆಯುವುದು, ‘ಚೆಂಡು ತಗೊಂಡು ಬಾ, ಬುಟ್ಟಿಗೆ ಹಾಕು’ ಎಂಬಂಥ ಎರಡು ಹಂತದ ಮಾತು ಅರ್ಥವಾಗುವುದು, ಕಕ್ಕ ಬಂದಾಗ ಬಾಗಿಲ ಹಿಂದೆಯೋ ಪರದೆಯ ಮರೆಗೋ ಹೋಗುವುದು ಮುಖ್ಯ ಗುರುತುಗಳು. ಕೊನೆಯದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಬರುವ ಮೊದಲೇ ಅದಕ್ಕೆ ಗೊತ್ತಾಗುತ್ತಿದೆ ಎಂದರ್ಥ. ಮಗುವೇ ಸಿದ್ಧವಾಗುವವರೆಗೆ ಕಾಯುವ ಈ ವಿಧಾನವನ್ನು ಅಮೆರಿಕದ ಮಕ್ಕಳ ತಜ್ಞ ಟಿ. ಬೆರಿ ಬ್ರೇಜಲ್ಟನ್ 1962ರಲ್ಲಿ ಮುಂದಿಟ್ಟರು. ಮನೆ ಬದಲಾಯಿಸುವಾಗ, ತಮ್ಮನೋ ತಂಗಿಯೋ ಹುಟ್ಟಿದ ಹೊಸದರಲ್ಲಿ, ಜ್ವರದಿಂದ ಎದ್ದ ವಾರದಲ್ಲಿ ಶುರುಮಾಡಬೇಡಿ.

ಸಾಮಾನಿನಲ್ಲಿ ಹಾಡು ಹಾಡುವ ಪಾಟಿ, ದೀಪ ಮಿನುಗುವ ಪಾಟಿ ಯಾವುದೂ ಬೇಕಿಲ್ಲ. ಅಲುಗಾಡದ, ಪಾದ ನೆಲಕ್ಕೆ ಪೂರ್ತಿ ಊರುವಷ್ಟು ತಗ್ಗಿನದೊಂದು ಸಾಕು. ದೊಡ್ಡವರ ಕಮೋಡಿನ ಮೇಲೆ ಸಣ್ಣ ಸೀಟು ಹಾಕುವುದಾದರೆ ಕಾಲ ಕೆಳಗೆ ಸ್ಟೂಲು ಇರಲೇಬೇಕು. ಗುದದ್ವಾರದ ಮೇಲ್ಭಾಗದಲ್ಲಿ ಒಂದು ಸ್ನಾಯು ಕೊಕ್ಕೆಯಂತೆ ಹಿಂದಿನಿಂದ ಸುತ್ತಿ ಮಲದ ದಾರಿಯನ್ನು ಮಡಚಿ ಹಿಡಿದಿರುತ್ತದೆ. ಕುಕ್ಕರಗಾಲಿನಲ್ಲಿ ಕೂತಾಗ ಅದು ಸಡಿಲವಾಗಿ ದಾರಿ ನೇರವಾಗುತ್ತದೆ. ಕಾಲು ಜೋತಾಡುತ್ತಿದ್ದರೆ ಮಗು ಬೀಳುವ ಭಯಕ್ಕೆ ತೊಡೆ, ಪೃಷ್ಠ ಎಲ್ಲವನ್ನೂ ಬಿಗಿಮಾಡುತ್ತದೆ, ಮಲ ಬರುವುದಿಲ್ಲ. ಮೊಣಕಾಲು ಸೊಂಟಕ್ಕಿಂತ ತುಸು ಮೇಲಿದ್ದು ಮೈ ಮುಂದಕ್ಕೆ ಬಾಗಿದ್ದರೆ ಎತ್ತರ ಸರಿಯಿದೆ.

ಕೂರಿಸುವ ಹೊತ್ತು ಊಟವಾದ 15ರಿಂದ 30 ನಿಮಿಷದೊಳಗೆ. ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ತಾನಾಗಿಯೇ ಹಿಂಡಲು ಶುರುಮಾಡುತ್ತದೆ, ಬೆಳಗಿನ ತಿಂಡಿಯ ನಂತರ ಇನ್ನೂ ಜೋರಾಗಿ. 3ರಿಂದ 5 ನಿಮಿಷ, ಅಷ್ಟೇ. ಬರಲಿ ಬಿಡಲಿ, ಎಬ್ಬಿಸಿ. ಮೊಬೈಲ್ ಕೊಟ್ಟು ಅರ್ಧ ಗಂಟೆ ಕೂರಿಸಿದರೆ ಅದು ಮೊಬೈಲ್ ನೋಡುವ ಕುರ್ಚಿಯಾಗುತ್ತದೆಯೇ ಹೊರತು ಪಾಟಿಯಾಗುವುದಿಲ್ಲ. ಸಾಬೂನಿನ ಗುಳ್ಳೆ ಊದಿಸುವುದು ನನಗೆ ಹೆಚ್ಚು ಫಲಕೊಟ್ಟ ಉಪಾಯ. ಊದುವಾಗ ಹೊಟ್ಟೆಯ ಒತ್ತಡ ತಾನೇ ಏರುತ್ತದೆ, ತಿಣುಕು ಎಂದು ಹೇಳಿಕೊಡುವ ಅಗತ್ಯವಿಲ್ಲ.

ಸುಸುಗೆ ಎರಡು ಗಂಟೆಗೊಮ್ಮೆ ಕರೆದೊಯ್ದರೆ ಸಾಕು. ಈ ವಯಸ್ಸಿನ ಮೂತ್ರಕೋಶ ಹಿಡಿಯುವುದು ವಯಸ್ಸಿಗೆ 1 ಕೂಡಿಸಿ 30ರಿಂದ ಗುಣಿಸಿದಷ್ಟು ಮಿ.ಲೀ., ಎರಡು ವರ್ಷಕ್ಕೆ ಸುಮಾರು 90. ‘ಸುಸು ಬಂತಾ ಪುಟ್ಟಾ?’ ಎಂದು ಕೇಳಬೇಡಿ, ‘ಇಲ್ಲ’ ಎಂದೇ ಉತ್ತರ ಬರುತ್ತದೆ. ‘ಬಾ, ಈಗ ಪಾಟಿ ಹೊತ್ತು, ಆಮೇಲೆ ಆಟ’ ಎನ್ನಿ. ಅರ್ಧರ್ಧ ಗಂಟೆಗೆ ಎಳೆದೊಯ್ದರೆ ಮೂತ್ರಕೋಶ ತುಂಬಿದ ಅನುಭವವೇ ಮಗುವಿಗೆ ಸಿಗುವುದಿಲ್ಲ. ಹೆಣ್ಣುಮಗು ಚಡ್ಡಿಯನ್ನು ಪಾದದವರೆಗೆ ಇಳಿಸಿ ಕಾಲು ಅಗಲಿಸಿ ಕೂರಬೇಕು. ಕಾಲು ಜೋಡಿಸಿದರೆ ಸುಸು ಒಳಗೆ ನಿಂತು ಎದ್ದ ಮೇಲೆ ಚಡ್ಡಿಗೆ ಹನಿಯುತ್ತದೆ. ಗಂಡುಮಗುವಿಗೂ ಮೊದಲು ಕೂತೇ ಕಲಿಸಿ. ನಿಂತು ಮಾಡುವ ಮೋಜು ಹತ್ತಿದರೆ ಕಕ್ಕಕ್ಕೆ ಕೂರಲು ಒಪ್ಪುವುದಿಲ್ಲ.

ಈಗ ಬಿಗಿಹಿಡಿಯುವ ಮಗು. ಮೇಜಿನ ಅಂಚು ಹಿಡಿದು ತುದಿಗಾಲಲ್ಲಿ ನಿಂತು, ಕಾಲಿಗೆ ಕಾಲು ಹೆಣೆದು, ಪೃಷ್ಠ ಒಳಕ್ಕೆಳೆದುಕೊಂಡು ಮುಖ ಕೆಂಪಗೆ ಮಾಡಿಕೊಂಡಿರುತ್ತದೆ. ನೋಡಿದವರು ‘ಪಾಪ, ತಿಣುಕುತ್ತಿದೆ’ ಎಂದುಕೊಳ್ಳುತ್ತಾರೆ. ಅದು ಹೊರಗೆ ತಳ್ಳುತ್ತಿಲ್ಲ, ಬರದಂತೆ ತಡೆಯುತ್ತಿದೆ. ಒಮ್ಮೆ ಗಟ್ಟಿ ಮಲ ನೋಯಿಸಿದ ಮೇಲೆ ತಡೆಯುವುದು, ತಡೆದಷ್ಟೂ ಕರುಳು ನೀರು ಹೀರಿ ಮಲ ಇನ್ನಷ್ಟು ಗಟ್ಟಿಯಾಗುವುದು, ಮುಂದಿನ ಸಲ ಇನ್ನೂ ನೋವು. ಹೀಗೆ ಮುಂದುವರಿದರೆ ಮಲಾಶಯ ಹಿಗ್ಗಿ, ತುಂಬಿದ್ದೇ ಗೊತ್ತಾಗದಂತಾಗುತ್ತದೆ. ಆಗ ಗಟ್ಟಿ ಗಂಟಿನ ಪಕ್ಕದಿಂದ ತೆಳ್ಳಗಿನದು ಜಿನುಗಿ ಚಡ್ಡಿಗೆ ಹತ್ತುತ್ತದೆ. ಭೇದಿ ಎಂದುಕೊಂಡು ನಿಲ್ಲಿಸುವ ಔಷಧಿ ಕೊಟ್ಟರೆ ಕೆಟ್ಟಿತು, ಅದು ಮಲಬದ್ಧತೆಯೇ. ತುಂಬಿದ ಮಲಾಶಯ ಮೂತ್ರಕೋಶವನ್ನೂ ಒತ್ತುವುದರಿಂದ ಸುಸು ಸೋರುವುದು, ಮೂತ್ರದ ಸೋಂಕು ಜೊತೆಗೇ ಬರುತ್ತವೆ. ಈ ಹಂತದಲ್ಲಿ ಪಾಟಿ ಮಾತು ಪೂರ್ತಿ ಬಿಡಿ. ಡೈಪರಿನಲ್ಲೇ ಮಾಡುತ್ತೇನೆ ಎಂದರೆ ಡೈಪರ್ ಹಾಕಿ. ವೈದ್ಯರ ಬಳಿ ಹೋಗಿ, ಮಲ ಮೆತ್ತಗಾಗಿ ಹೆದರಿಕೆ ಹೋಗುವವರೆಗೆ ಕಾಯಿರಿ, ಒಂದರಿಂದ ಮೂರು ತಿಂಗಳು ಹಿಡಿಯಬಹುದು. ನಂತರ ಡೈಪರ್ ಹಾಕಿಕೊಂಡೇ ಬಚ್ಚಲಿನಲ್ಲಿ ನಿಂತು, ಆಮೇಲೆ ಡೈಪರಿನೊಡನೆ ಪಾಟಿಯ ಮೇಲೆ ಕೂತು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬನ್ನಿ.

ಆಕಸ್ಮಿಕಗಳಿಗೆ ಬೈಗುಳ ಬೇಡ, ‘ಛೀ’ ಕೂಡ ಬೇಡ. ‘ಕಕ್ಕ ಪಾಟಿಗೆ ಹೋಗಬೇಕು’ ಎಂದು ಹೇಳಿ, ಚಡ್ಡಿಯಲ್ಲಿದ್ದುದನ್ನು ಮಗುವಿನ ಮುಂದೆಯೇ ಪಾಟಿಗೆ ಹಾಕಿ. ಫ್ಲಶ್ ಸದ್ದಿಗೆ ಹೆದರುವ ಮಕ್ಕಳಿದ್ದಾರೆ, ಅವು ಹೊರಗೆ ಹೋದ ಮೇಲೆ ಒತ್ತಿದರಾಯಿತು.

ನೀರಿನಿಂದ ತೊಳೆದರೂ ಟಿಶ್ಯೂನಿಂದ ಒರೆಸಿದರೂ ಕೈ ಮುಂದಿನಿಂದ ಹಿಂದಕ್ಕೇ ಹೋಗಬೇಕು, ಹೆಣ್ಣುಮಗುವಿಗಂತೂ ತಪ್ಪಲೇಬಾರದು. ಕಕ್ಕ ಸರಿಯಾಗಿ ತೊಳೆದುಕೊಳ್ಳಲು ನಾಲ್ಕೈದು ವರ್ಷವಾಗಬೇಕು, ಅಲ್ಲಿಯವರೆಗೆ ಕೊನೆಯ ಕೈ ದೊಡ್ಡವರದೇ. ನಂತರ ಸಾಬೂನು ಹಚ್ಚಿ 20 ಸೆಕೆಂಡು ಉಜ್ಜಬೇಕು. ಮಕ್ಕಳು ಅಂಗೈ ಮಾತ್ರ ಉಜ್ಜಿ ಓಡುತ್ತಾರೆ, ಹೆಬ್ಬೆರಳು ಮತ್ತು ಉಗುರಿನ ಸಂದು ತೋರಿಸಿಕೊಡಿ.

ರಾತ್ರಿಯದು ಬೇರೆಯೇ ಕತೆ. ನಿದ್ದೆಯಲ್ಲಿ ಮೂತ್ರ ಕಡಿಮೆ ಮಾಡುವ ಹಾರ್ಮೋನು, ಮೂತ್ರಕೋಶ ತುಂಬಿದಾಗ ಎಚ್ಚರವಾಗುವ ಶಕ್ತಿ ಎರಡೂ ಬೆಳೆಯುತ್ತಾ ಬರುವಂಥವು, ಕಲಿಸಿ ಬರುವುದಲ್ಲ. ಐದು ವರ್ಷದವರೆಗೆ ಚಿಂತೆಯೇ ಬೇಡ. ಆದರೆ ಆರು ತಿಂಗಳು ಒಣಗಿದ್ದ ಮಗು ಮತ್ತೆ ಒದ್ದೆ ಮಾಡತೊಡಗಿದರೆ, ಸುಸು ಮಾಡುವಾಗ ಉರಿ, ಜ್ವರ ಅಥವಾ ವಿಪರೀತ ಬಾಯಾರಿಕೆ ಇದ್ದರೆ ತಡಮಾಡದೆ ತೋರಿಸಿ. ಡೈಪರ್ ಬಿಟ್ಟ ಹೊಸದರಲ್ಲಿ ಹಾಸಿಗೆಗೆ ನೀರು ಇಳಿಯದ ಹಾಳೆ, ಅದರ ಮೇಲೆ ಬೆಡ್‌ಶೀಟ್, ಮತ್ತೆ ಹಾಳೆ, ಮತ್ತೆ ಬೆಡ್‌ಶೀಟ್ ಹೀಗೆ ಎರಡು ಪದರ ಹಾಸಿಡಿ. ನಡುರಾತ್ರಿ ಮೇಲಿನ ಜೋಡಿ ಎಳೆದುಹಾಕಿದರೆ ಕೆಳಗೆ ಒಣ ಹಾಸಿಗೆ ಸಿದ್ಧವಿರುತ್ತದೆ.