ಮೆಥನಾಲ್ ಇಂಜಿನ್‌ಗೆ ಕಂಪ್ರೆಶನ್ ಎಷ್ಟು, ಅಳೆಯುವುದು ಹೇಗೆ: ನನ್ನ ಅನುಭವ

ರೇಸ್ ಬೈಕಿಗೆ ಪೆಟ್ರೋಲ್ ಬದಲು ಮೆಥನಾಲ್ ಹಾಕಿದರೆ ಕಂಪ್ರೆಶನ್ (ಪಿಸ್ಟನ್ ಕೆಳಗಿದ್ದಾಗಿನ ಜಾಗ, ಮೇಲೆ ಬಂದಾಗಿನ ಜಾಗದ ಎಷ್ಟು ಪಟ್ಟು ಅನ್ನುವ ಲೆಕ್ಕ) ಎಷ್ಟು ಬೇಕಾದರೂ ಏರಿಸಬಹುದು ಅನ್ನುವ ಮಾತು ತಮಿಳುನಾಡಿನ ಹೊಸೂರಿನ ಶೆಡ್‌ಗಳಲ್ಲಿ ಸಾಮಾನ್ಯ. ಅರ್ಧ ನಿಜ. ಆವಿಯಾಗುವಾಗ ಅದು ಪೆಟ್ರೋಲಿನ ಸುಮಾರು ಮೂರು ಪಟ್ಟು ಶಾಖ ಹೀರುತ್ತದೆ, ಹಾಗಾಗಿ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಬಡಿಯುವುದು) ಸುಲಭಕ್ಕೆ ಬರುವುದಿಲ್ಲ. ಆದರೆ ಪ್ಲಗ್ಗಿನ ತುದಿಯೋ ಕಾರ್ಬನ್ನಿನ ಚೂರೋ ಕೆಂಪಗೆ ಕಾದಿದ್ದರೆ ಸ್ಪಾರ್ಕಿಗೆ ಮೊದಲೇ ಹೊತ್ತಿಕೊಳ್ಳುವ ಚಾಳಿ ಇದಕ್ಕೆ ಜಾಸ್ತಿ. ಸದ್ದೇ ಕೊಡದೆ ಪಿಸ್ಟನ್ ತೂತು ಬೀಳುತ್ತದೆ. ಪ್ಲಗ್ ಎರಡು ಹಂತ ಕೋಲ್ಡ್, ಅಂದರೆ ಶಾಖ ಬೇಗ ಬಿಟ್ಟುಕೊಡುವಂಥದ್ದು, ಹಾಕಿ.

ಏರ್ ಕೂಲ್ಡ್, ಒಂದೇ ಸಿಲಿಂಡರಿನ ಇಂಜಿನ್‌ಗೆ ನಾನು 13.5ರ ಮೇಲೆ ಹೋಗುವುದಿಲ್ಲ. 62 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 52.9 ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಅಂದರೆ 159.7 ಸಿಸಿ. 9.5ರಲ್ಲಿ ಪಿಸ್ಟನ್ ಮೇಲಿನ ಜಾಗ 18.8 ಸಿಸಿ, 13.5ಕ್ಕೆ 12.8 ಬೇಕು. ಈ 6 ಸಿಸಿಯನ್ನೂ ಹೆಡ್ ಫೇಸಿಂಗ್‌ನಲ್ಲೇ (ಹೆಡ್ಡಿನ ತಳ ಕೆತ್ತಿ) ತೆಗೆಯಹೋದರೆ 2 ಮಿ.ಮೀ. ದಾಟುತ್ತದೆ. ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ, ಕ್ಯಾಮ್ ಟೈಮಿಂಗ್ ಹಿಂದೆ ಬೀಳುತ್ತದೆ. ಲೇತ್‌ನಲ್ಲಿ ಅರ್ಧ ಮಿ.ಮೀ. ಸಾಕು, ಉಳಿದದ್ದು ತಲೆ ಉಬ್ಬಿದ ಡೋಮ್ ಪಿಸ್ಟನ್‌ಗೆ ಬಿಡಿ. ಪಿಸ್ಟನ್ ಮೇಲೆ ಕ್ಲೇ ಇಟ್ಟು ಇಂಜಿನ್ ತಿರುಗಿಸಿ ನೋಡಿದಾಗ ಇನ್‌ಟೇಕ್ ವಾಲ್ವಿಗೆ 1.5, ಎಕ್ಸಾಸ್ಟ್‌ಗೆ 2 ಮಿ.ಮೀ. ಉಳಿದಿರಬೇಕು.

ಲೆಕ್ಕ ನಂಬಬೇಡಿ, ಅಳೆಯಿರಿ. ಪಿಸ್ಟನ್ ಅಂಚಿಗೆ ಗ್ರೀಸ್ ಸವರಿ, ಹೆಡ್ ಟಾರ್ಕ್ ಮಾಡಿ, ಟಿಡಿಸಿಯಲ್ಲಿ (ಪಿಸ್ಟನ್ ತೀರಾ ಮೇಲಿರುವ ಜಾಗ) ನಿಲ್ಲಿಸಿ. ಪ್ಲಗ್ ತೂತು ಎಲ್ಲಕ್ಕಿಂತ ಮೇಲೆ ಬರುವಂತೆ ಇಂಜಿನ್ ಓರೆ ಮಾಡಿ, ಇಲ್ಲದಿದ್ದರೆ ಒಳಗೆ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಅಳತೆಯ ಗೆರೆಗಳಿರುವ ಬ್ಯೂರೆಟ್ ಕೊಳವೆಯಿಂದ ತೆಳು ಆಯಿಲ್ ತೂತಿನ ಬಾಯಿವರೆಗೆ ಬಿಡಿ. ಪ್ಲಗ್ ಥ್ರೆಡ್ಡಿನ ಜಾಗ ಕಳೆಯಲೇಬೇಕು: 10 ಮಿ.ಮೀ. ಅಗಲ, 19 ಮಿ.ಮೀ. ಉದ್ದದ ಥ್ರೆಡ್ಡಿಗೆ ಸುಮಾರು 1.5 ಸಿಸಿ. ಕಳೆಯದಿದ್ದರೆ 13.5 ಇರುವ ಇಂಜಿನ್ 12.2 ಅಂತ ತೋರಿಸುತ್ತದೆ, ನೀವು ಇನ್ನೂ ಉಜ್ಜಲು ಹೊರಡುತ್ತೀರಿ.

ಮೆಥನಾಲಿಗೆ ಗಾಳಿ–ಇಂಧನ ಅನುಪಾತ 6.4, ಪೆಟ್ರೋಲಿಗೆ 14.7. ರೇಸಿಗೆ 5ರ ಹತ್ತಿರ ರಿಚ್ (ಇಂಧನ ಹೆಚ್ಚು) ಇಡುತ್ತೇವೆ. ಹಾಗಾಗಿ ಕಾರ್ಬುರೇಟರಿನಲ್ಲಿ ಇಂಧನ ಬಿಡುವ ತೂತು, ಮೇನ್ ಜೆಟ್ಟಿನ ವ್ಯಾಸ ಒಂದೂವರೆ ಪಟ್ಟಿಗೂ ಹೆಚ್ಚಾಗಬೇಕು. ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. ಕಾರ್ಬುರೇಟರ್ ಬೌಲಿಗೆ ಇಂಧನ ತರುವ ಫ್ಲೋಟ್ ನೀಡಲ್ ಸೀಟ್, ಟ್ಯಾಪ್, ಪೈಪ್ ಹಳೆಯವೇ. ಮೊದಲ ಗೇರುಗಳಲ್ಲಿ ಚೆನ್ನಾಗಿ ಎಳೆದು, ಕೊನೆಯಲ್ಲಿ ಬೌಲ್ ಖಾಲಿಯಾಗಿ ಲೀನ್ (ಇಂಧನ ಕಮ್ಮಿ) ಆಗುತ್ತದೆ.

ಹೊಸೂರು ಸುಮಾರು 900 ಮೀಟರ್ ಎತ್ತರ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನಲ್ಲಿ ಗಾಳಿಯ ಒತ್ತಡ ಇಲ್ಲಿಗಿಂತ ಸುಮಾರು 10% ಜಾಸ್ತಿ. ಇಲ್ಲಿ ಅಂಚಿಗೆ ತಂದಿಟ್ಟ ಇಂಜಿನ್ ಅಲ್ಲಿ ಅಂಚು ದಾಟುತ್ತದೆ. ಅಲ್ಲಿಗೆ ಹೊರಡುವವರಿಗೆ 13 ಸಾಕು, ಜೆಟ್ ಒಂದೆರಡು ಸೈಜ್ ಮೇಲಿರಲಿ.

ತಮಿಳುನಾಡಿನಲ್ಲಿ ಮೆಥನಾಲ್ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಚರ್ಮದಿಂದಲೂ ಒಳಗಿಳಿಯುವ ವಿಷ, ಗ್ಲೌಸ್ ಹಾಕಿ. ಹಗಲಲ್ಲಿ ಉರಿ ಕಣ್ಣಿಗೆ ಕಾಣುವುದಿಲ್ಲ. ಓಡಿಸಿದ ಮೇಲೆ ಕಾರ್ಬುರೇಟರ್‌ಗೆ ಪೆಟ್ರೋಲ್ ಬಿಟ್ಟು ತೊಳೆಯಿರಿ. ಆಯಿಲ್ ಬಿಳಿಚಿದ್ದರೆ ಆವತ್ತೇ ಬದಲಿಸಿ.