ಒಂದು ಕ್ಷೇತ್ರಕ್ಕೆ ಎಷ್ಟು ಜನ? ಲೆಕ್ಕ ಹಾಕಿದ ನನ್ನ ಅನುಭವ

ಕರ್ನಾಟಕದ 224 ವಿಧಾನಸಭಾ ಕ್ಷೇತ್ರಗಳ ಈಗಿನ ಗಡಿಗಳು 2001ರ ಜನಗಣತಿಯನ್ನು ಆಧರಿಸಿದವು. ಆ ಗಡಿಗಳೊಳಗೆ ಮೊದಲ ವಿಧಾನಸಭಾ ಚುನಾವಣೆ ನಡೆದದ್ದು 2008ರಲ್ಲಿ. ಗಡಿಗಳು ನಿಂತಲ್ಲೇ ನಿಂತಿರುವಾಗ ಅವುಗಳೊಳಗಿನ ಜನಸಂಖ್ಯೆ ಎಷ್ಟು ಬದಲಾಗಿದೆ ಎಂದು ಒಂದು ನೀತಿ ಸಂಶೋಧನಾ ವರದಿಗಾಗಿ ಲೆಕ್ಕ ಹಾಕುವ ಹೊಣೆ ನನ್ನ ಪಾಲಿಗೆ ಬಂದಿತ್ತು.

ಜಿಲ್ಲಾ ಮಟ್ಟದ ಲೆಕ್ಕ ಬೇಗ ಮುಗಿಯಿತು. 2001ರಲ್ಲಿ 65.37 ಲಕ್ಷ ಜನರಿದ್ದ ಬೆಂಗಳೂರು ನಗರ ಜಿಲ್ಲೆಯನ್ನು ಅದರ 28 ಕ್ಷೇತ್ರಗಳಿಗೆ ಹಂಚಿದರೆ ತಲಾ ಸುಮಾರು 2.33 ಲಕ್ಷ, ರಾಜ್ಯದ ಸರಾಸರಿ 2.36 ಲಕ್ಷ. ಅಂದರೆ ಹಂಚಿಕೆ ಬಹುಮಟ್ಟಿಗೆ ಸಮನಾಗಿಯೇ ಇತ್ತು. 2011ರ ಹೊತ್ತಿಗೆ ಜಿಲ್ಲೆಯ ಜನಸಂಖ್ಯೆ 96.21 ಲಕ್ಷಕ್ಕೆ ಏರಿ, ರಾಜ್ಯದ ಸರಾಸರಿ 2.73 ಲಕ್ಷವಿದ್ದಾಗ ಇಲ್ಲಿ ಕ್ಷೇತ್ರವೊಂದಕ್ಕೆ 3.44 ಲಕ್ಷ ಜನರಾದರು. ಅದೇ ದಶಕದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಅಲ್ಪಸ್ವಲ್ಪ ಇಳಿದು, ಅದರ ಐದು ಕ್ಷೇತ್ರಗಳ ಸರಾಸರಿ 2.28 ಲಕ್ಷದ ಆಸುಪಾಸಿನಲ್ಲೇ ಉಳಿಯಿತು. ಹತ್ತೇ ವರ್ಷಗಳಲ್ಲಿ ಮತದ ತೂಕ ಇಷ್ಟು ಬದಲಾದದ್ದನ್ನು ಕಂಡು ನಾನು ನಿಜವಾಗಿಯೂ ಕಳವಳಗೊಂಡೆ.

ಕ್ಷೇತ್ರ ಮಟ್ಟಕ್ಕೆ ಇಳಿದಾಗ ಕೆಲಸ ನಿಧಾನವಾಯಿತು. ಕ್ಷೇತ್ರದ ಗಡಿ ತಾಲ್ಲೂಕಿನ ಗಡಿಯನ್ನೇ ಅನುಸರಿಸುವುದಿಲ್ಲವಾದ್ದರಿಂದ, ಹೋಬಳಿ ಮತ್ತು ವಾರ್ಡುಗಳನ್ನು ಕ್ಷೇತ್ರ ಪುನರ್ವಿಂಗಡಣೆಯ ಆದೇಶದೊಂದಿಗೆ ಒಂದೊಂದಾಗಿ ತಾಳೆ ನೋಡಬೇಕಾಯಿತು. ಮತದಾರರ ಪಟ್ಟಿಯಿಂದ ಹೆಸರುಗಳನ್ನು ತೆಗೆದುಕೊಳ್ಳಲಿಲ್ಲ. ಪಟ್ಟಿಯ ಪ್ರತಿ ಭಾಗದ, ಅಂದರೆ ಒಂದೊಂದು ಮತಗಟ್ಟೆಯ, ಒಟ್ಟು ಮತದಾರರ ಸಂಖ್ಯೆಯಷ್ಟೇ ನಮಗೆ ಸಾಕಾಗಿತ್ತು.

ನನ್ನ ದೊಡ್ಡ ತಪ್ಪು ನಡೆದದ್ದು ಇದಾದ ಮೇಲೆ. ಒಟ್ಟು ಜನಸಂಖ್ಯೆಯಲ್ಲಿ ಮತದಾರರ ಪಾಲು ಎಷ್ಟೆಂದು ನೋಡಿದಾಗ ಯಾದಗಿರಿಯಂತಹ ಜಿಲ್ಲೆಯಲ್ಲಿ ಅದು ಕಡಿಮೆ, ಉಡುಪಿಯಲ್ಲಿ ಹೆಚ್ಚು ಎಂದು ಕಂಡಿತು. ಯಾದಗಿರಿಯಲ್ಲಿ ನೋಂದಣಿಯೇ ಸರಿಯಾಗಿಲ್ಲ ಎಂದು ಕರಡಿನಲ್ಲಿ ಬರೆದುಬಿಟ್ಟೆ. ಯಾದಗಿರಿಯ ಜನಸಂಖ್ಯೆಯಲ್ಲಿ ಮಕ್ಕಳ ಪಾಲು ಉಡುಪಿಗಿಂತ ಬಹಳ ಹೆಚ್ಚು ಎಂಬುದನ್ನು ನಾನು ಗಣನೆಗೆ ತೆಗೆದುಕೊಂಡಿರಲಿಲ್ಲ. 18 ವರ್ಷ ತುಂಬಿದವರನ್ನಷ್ಟೇ ಛೇದದಲ್ಲಿಟ್ಟು ಮತ್ತೆ ಲೆಕ್ಕ ಹಾಕಿದಾಗ ಅಂತರ ಬಹಳಷ್ಟು ಕಿರಿದಾಯಿತು, ಆ ವಾಕ್ಯವನ್ನು ಹೊಡೆದುಹಾಕಿದೆ. ನೋಂದಣಿಯ ಬಗ್ಗೆ ಮಾತನಾಡುವ ಯಾರೇ ಆಗಲಿ ಮೊದಲು ವಯೋಮಾನದ ಕೋಷ್ಟಕವನ್ನು ನೋಡಬೇಕೆಂದು ಅಂದಿನಿಂದ ಒತ್ತಾಯಿಸುತ್ತ ಬಂದಿದ್ದೇನೆ.

ಉಳಿದ ಅಂತರಕ್ಕೆ ವಲಸೆಯೂ ಒಂದು ಕಾರಣ. ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಗುಳೆ ಬಂದವರನ್ನು ಜನಗಣತಿ ಇಲ್ಲಿಯೇ ಎಣಿಸಿರಬಹುದು, ಅವರ ಹೆಸರು ಮಾತ್ರ ಊರಿನ ಮತದಾರರ ಪಟ್ಟಿಯಲ್ಲಿ ಉಳಿದಿರುತ್ತದೆ; ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಡಿ ಅವರ ಹಕ್ಕು ಹೋಗುವುದೂ ಇಲ್ಲ. ಹಾಗಾಗಿ ಎರಡು ಮೂಲಗಳು ಹೊಂದದಿದ್ದರೆ ಅವುಗಳಲ್ಲೊಂದು ತಪ್ಪಿರಲೇಬೇಕೆಂದಿಲ್ಲ.

2021ರಲ್ಲಿ ಜನಗಣತಿ ನಡೆಯದ ಕಾರಣ, 2011ರ ನಂತರದ ವರ್ಷಗಳಿಗೆ ಹಿಂದಿನ ದಶಕದ ಬೆಳವಣಿಗೆಯ ದರವನ್ನೇ ಮುಂದುವರಿಸಬಹುದೆಂಬ ಸಲಹೆ ಬಂದಿತು. ಕ್ಷೇತ್ರದ ಮಟ್ಟದಲ್ಲಿ ಅದು ಕೇವಲ ಊಹೆಯಾಗುತ್ತದೆಂದು ನಾನು ಒಪ್ಪಲಿಲ್ಲ. ಅಂತಿಮ ವರದಿಯ ಕೋಷ್ಟಕದಲ್ಲಿ ಜನಸಂಖ್ಯೆಯ ಅಂಕಣಗಳು 2011ಕ್ಕೆ ನಿಂತವು. ಅದರಾಚೆಗೆ ಮತದಾರರ ಸಂಖ್ಯೆಯನ್ನು ಮಾತ್ರ, ಅದು ಜನಸಂಖ್ಯೆಯಲ್ಲ ಎಂಬ ಸ್ಪಷ್ಟ ಶೀರ್ಷಿಕೆಯಡಿ, ಪ್ರತ್ಯೇಕವಾಗಿ ಕೊಟ್ಟೆವು.