ಮಲಪರೀಕ್ಷೆ: ಸ್ಲೈಡಿನಲ್ಲಿ ಜಂತು ಗುರುತಿಸುವಾಗ ನಾನು ಮಾಡುವುದು

ಮಾದರಿ ನೀರಾಗಿದ್ದರೆ ಉಳಿದೆಲ್ಲ ಕೆಲಸ ಬದಿಗಿಟ್ಟು ಅದನ್ನೇ ಮೊದಲು ನೋಡುತ್ತೇನೆ. ಅರ್ಧ ಗಂಟೆ ಮೀರಿದರೆ ಅಮೀಬಾದ ಟ್ರೋಫೋಜಾಯಿಟ್ (ಓಡಾಡುವ ಹಂತ) ಚಲನೆ ನಿಲ್ಲುತ್ತದೆ. ಆಮೇಲೆ ಅದನ್ನು ಬಿಳಿ ರಕ್ತಕಣದಿಂದ ಬೇರೆ ಮಾಡಿ ಹೇಳುವುದು ಕಷ್ಟ. ರಕ್ತ, ಲೋಳೆ ಕಂಡರೆ ಅಲ್ಲಿಂದಲೇ ತೆಗೆಯಬೇಕು. ಮೂತ್ರ ಬೆರೆತ ಮಾದರಿಯನ್ನು ವಾಪಸ್ ಕಳಿಸುತ್ತೇನೆ.

ಸ್ಲೈಡಿನ ಒಂದು ಕಡೆ ಒಂದು ಹನಿ ಸಲೈನ್ (ಉಪ್ಪುನೀರು), ಇನ್ನೊಂದು ಕಡೆ ಒಂದು ಹನಿ ಅಯೋಡಿನ್. ಕಡ್ಡಿಯ ತುದಿಗೆ ಹತ್ತುವಷ್ಟು, ಅಂದರೆ ಸುಮಾರು 2 ಮಿಲಿಗ್ರಾಂ ಮಲ ಸಾಕು. ಮೊದಲು ಸಲೈನಿನಲ್ಲಿ ಕಲಸಿ, ನಂತರ ಅಯೋಡಿನ್ನಿಗೆ ಹೋಗಬೇಕು. ಹಿಂದುಮುಂದಾದರೆ ಕಡ್ಡಿಗಂಟಿದ ಅಯೋಡಿನ್ ಸಲೈನಿನಲ್ಲಿ ಓಡಾಡುತ್ತಿರುವುದನ್ನು ಕೊಲ್ಲುತ್ತದೆ. ಕವರ್‌ಸ್ಲಿಪ್ಪನ್ನು ಓರೆಯಾಗಿ ಇಳಿಸಿದರೆ ಗಾಳಿಗುಳ್ಳೆ ಕಡಿಮೆ. ಸ್ಲೈಡಿನ ಕೆಳಗೆ ಅಚ್ಚಾದ ಹಾಳೆ ಇಟ್ಟಾಗ ಅಕ್ಷರ ಓದಲು ಬರದಿದ್ದರೆ ಪದರ ದಪ್ಪವಾಗಿದೆ ಎಂದೇ ಅರ್ಥ.

ತಪ್ಪುವುದು ಹೆಚ್ಚಾಗಿ ಬೆಳಕಿನಲ್ಲಿ. ಸಲೈನಿನಲ್ಲಿ ಸಿಸ್ಟಿಗೆ (ಅಮೀಬಾದಂಥ ಜೀವಿ ಗಟ್ಟಿ ಕವಚದೊಳಗಿರುವ ಹಂತ) ಬಣ್ಣವಿಲ್ಲ. ಐರಿಸ್ (ಬೆಳಕು ಹೆಚ್ಚುಕಡಿಮೆ ಮಾಡುವ ಕಿಂಡಿ) ಪೂರ್ತಿ ತೆರೆದಿಟ್ಟರೆ ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಕಂಡೆನ್ಸರ್ (ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಮಸೂರ) ಸ್ವಲ್ಪ ಇಳಿಸಿ, ಐರಿಸ್ ಕಿರಿದು ಮಾಡಿ, 10x ಆಬ್ಜೆಕ್ಟಿವ್‌ನಲ್ಲಿ ಒಂದು ಮೂಲೆಯಿಂದ ಸಾಲುಸಾಲಾಗಿ ಇಡೀ ಕವರ್‌ಸ್ಲಿಪ್ ನೋಡುತ್ತೇನೆ. ಅನುಮಾನ ಬಂದಲ್ಲಿ ಮಾತ್ರ 40x.

ಹೆಸರಿಡುವ ಮುಂಚೆ ಅಳೆಯುತ್ತೇನೆ. ಐಪೀಸಿನೊಳಗಿನ ಸ್ಕೇಲನ್ನು ಪ್ರತಿ ಆಬ್ಜೆಕ್ಟಿವ್‌ಗೂ ಬೇರೆಬೇರೆಯಾಗಿ ಹೊಂದಿಸಿಕೊಂಡಿರಬೇಕು. ಕೊಕ್ಕೆಹುಳುವಿನ ಮೊಟ್ಟೆ ಸುಮಾರು 60 × 40 ಮೈಕ್ರಾನ್. ತೆಳು ಚಿಪ್ಪು, ಒಳಗೆ ಒಡೆಯುತ್ತಿರುವ ಕೋಶಗಳು, ಚಿಪ್ಪಿಗೂ ಕೋಶಕ್ಕೂ ನಡುವೆ ಬಿಳಿ ಜಾಗ. ಚಾಟಿಹುಳುವಿನದು ಪೀಪಾಯಿಯಂತೆ, ಎರಡೂ ತುದಿಗೆ ಬಿರಡೆ. ದುಂಡುಹುಳುವಿನದಕ್ಕೆ ಉಬ್ಬುತಗ್ಗಿನ ಹೊರಪದರ. ಅದು ಕಳಚಿದ್ದರೆ ಕೊಕ್ಕೆಹುಳು ಅನ್ನಿಸಬಹುದು, ಆಗ ಚಿಪ್ಪಿನ ದಪ್ಪ ನೋಡಿ. ಗಾಳಿಗುಳ್ಳೆ, ಎಣ್ಣೆಹನಿಗಳ ಒಳಗೆ ಏನೂ ಇರದು. ಸಸ್ಯದ ರೋಮ ಲಾರ್ವಾದಂತೆಯೇ (ಮರಿಹುಳು) ಕಾಣುತ್ತದೆ, ಆದರೆ ಅದರಲ್ಲಿ ಕರುಳೂ ಇಲ್ಲ, ಅನ್ನನಾಳವೂ ಇಲ್ಲ.

ಮಾದರಿ ಬೆಚ್ಚಗಿನ ಜಾಗದಲ್ಲಿ ಒಂದು ದಿನ ಕುಳಿತಿದ್ದರೆ ಕೊಕ್ಕೆಹುಳುವಿನ ಮೊಟ್ಟೆಯೊಡೆದು ಲಾರ್ವಾ ಹೊರಬರುತ್ತದೆ. ಇದನ್ನು ಸ್ಟ್ರಾಂಜಿಲಾಯ್ಡಿಸ್ (ಮಲದಲ್ಲಿ ಲಾರ್ವಾ ಆಗಿಯೇ ಕಾಣುವ ಇನ್ನೊಂದು ಹುಳು) ಎಂದು ತಪ್ಪಾಗಿ ಬರೆದುಬಿಡುವುದು ಸುಲಭ. ಬಾಯಿಯ ಕುಹರ ಉದ್ದವಾಗಿದ್ದರೆ ಕೊಕ್ಕೆಹುಳು, ತೀರಾ ಗಿಡ್ಡವಾಗಿದ್ದರೆ ಸ್ಟ್ರಾಂಜಿಲಾಯ್ಡಿಸ್.

ಸಿಸ್ಟಿನ ನ್ಯೂಕ್ಲಿಯಸ್ ಎಣಿಸುವುದು ಅಯೋಡಿನ್ ಕಡೆಯಲ್ಲಿ. ಬಲಿತ ಸಿಸ್ಟಿನಲ್ಲಿ ಎಂಟಿದ್ದರೆ ಎಂಟಮೀಬಾ ಕೋಲೈ, ಅದಕ್ಕೆ ಔಷಧಿ ಬೇಕಿಲ್ಲ. ನಾಲ್ಕಿದ್ದು ದುಂಡಗಿದ್ದು, ಅಳತೆ 10 ಮೈಕ್ರಾನಿಗಿಂತ ಹೆಚ್ಚಿದ್ದರೆ ವರದಿಯಲ್ಲಿ 'ಹಿಸ್ಟೊಲಿಟಿಕಾ ಅಥವಾ ಡಿಸ್ಪಾರ್' ಎಂದೇ ಬರೆಯುತ್ತೇನೆ. ಮೊದಲನೆಯದು ರೋಗ ತರುವ ಅಮೀಬಾ, ಎರಡನೆಯದು ತರದ್ದು; ಆದರೆ ಇವೆರಡರ ಸಿಸ್ಟನ್ನು ಮೈಕ್ರೋಸ್ಕೋಪು ಬೇರ್ಪಡಿಸಲಾರದು.